ಉಸಿರು ಕಟ್ಟಿದ ಒಲೆ

ಮರುಳಸಿದ್ದಮ್ಮನ ಸಿಟ್ಟು ಗೊತ್ತಿಲ್ಲದವರು ಆ ವಸತಿಶಾಲೆಯಲ್ಲಿ ಯಾರೂ ಇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಗೊಣಗಿದ ಮೇಷ್ಟ್ರೊಬ್ಬರ ಕೈಗೆ ಸೌಟು ಕೊಟ್ಟು, "ನಾಳಿಂದ ನೀವ ಮಾಡ್ರಿ ಸರ್, ನಾನು ಹೋಗಿ ಗಣಿತ ಹೇಳ್ತೀನಿ" ಅಂದವಳು ಅವಳು. ಮಕ್ಕಳು ಮಾತ್ರ ಹೆದರುತ್ತಿರಲಿಲ್ಲ. ಬೈಯುತ್ತಲೇ ಎರಡನೇ ಸಲ ಬಡಿಸುವ ಕೈ ಅದೆಂದು ಅವರಿಗೆ ಗೊತ್ತಿತ್ತು.

ಹುಟ್ಟಿದ್ದು ಗಣಿ ಸೀಮೆಯ ವಡ್ಡು ಎಂಬ ಹಳ್ಳಿಯಲ್ಲಿ. ತಾಯಿ ಗಣಿ ಕೂಲಿಗಳಿಗೆ ರೊಟ್ಟಿ ಬಡಿದು ಮನೆ ನಡೆಸಿದವಳು. ಜಾಲಿ ಕಟ್ಟಿಗೆಯ ಹೊಗೆಯಲ್ಲಿ ಇಪ್ಪತ್ತೈದು ವರ್ಷ ಕೂತು, ಐವತ್ತು ತುಂಬುವ ಮೊದಲೇ ಕೆಮ್ಮುತ್ತ ಕೆಮ್ಮುತ್ತ ಹೋದಳು. ಊರವರು ದಮ್ಮು ಅಂದರು. ಹೊಗೆ ಅಂತ ಯಾರೂ ಅನ್ನಲಿಲ್ಲ. ಸಿದ್ದಮ್ಮ ಮದುವೆಯಾಗಿ ಹೊಸಪೇಟೆಗೆ ಬಂದಳು. ಗಂಡ ಕೊಟ್ರಯ್ಯ ಯಶವಂತನಗರದ ಗಣಿ ಕಂಪನಿಯ ಬಸ್ಸು ಓಡಿಸುತ್ತಾನೆ. ಮನೆಯ ಮಾತನ್ನೆಲ್ಲ ಹೆಂಡತಿಗೇ ಬಿಟ್ಟುಕೊಟ್ಟ ಮನುಷ್ಯ. ಸಂಡೂರು ರಸ್ತೆಯ ಈ ಖಾಸಗಿ ವಸತಿಶಾಲೆಯಲ್ಲಿ ಸಿದ್ದಮ್ಮ ಹದಿನಾರು ವರ್ಷದಿಂದ ಮುಖ್ಯ ಅಡುಗೆಯವಳು. ದಿನಕ್ಕೆ ಮೂರು ಹೊತ್ತು, ಇನ್ನೂರ ನಲವತ್ತು ಮಕ್ಕಳು.

ಜೂನ್ ತಿಂಗಳಲ್ಲಿ ಶಾಲೆಗೆ ಒಂದು ದೊಡ್ಡ ಪೆಲೆಟ್ ಒಲೆ ಬಂತು. ಕಟ್ಟಿಗೆ ಪುಡಿ, ಶೇಂಗಾ ಸಿಪ್ಪೆ, ಕಬ್ಬಿನ ಒಣಗರಿ ರವದಿಯನ್ನು ಒತ್ತಿ ಮಾಡಿದ ಬೆರಳುದ್ದದ ಗುಳಿಗೆಗಳನ್ನು ಒಲೆಯ ಪಕ್ಕದ ಬಾಯಿಗೆ ಸುರಿಯುವುದು; ಕೆಳಗಿನಿಂದಲೂ ಮೇಲಿನ ತೂತುಗಳಿಂದಲೂ ಒಂದು ಫ್ಯಾನು ಗಾಳಿ ಊದುವುದು. ಮೊದಲ ದಿನ ಸಿದ್ದಮ್ಮ ಮೂಗು ಮುರಿದಿದ್ದಳು. ಆದರೆ ಉರಿ ಕಂಡು ಬಾಯಿ ಮುಚ್ಚಿದಳು. ಹೊತ್ತಿಸುವಾಗ ನಾಲ್ಕೈದು ನಿಮಿಷ ಬಿಳಿ ಹೊಗೆ, ಅಷ್ಟೇ. ಆಮೇಲೆ ಗಿಡ್ಡನೆಯ, ಬಿಗಿಯಾದ, ಬಿಳಿಹಳದಿ ಉರಿ. ಮೇಲಿನ ತೂತುಗಳ ಗಾಳಿ ಅದನ್ನು ನಡುವಿಗೆ ತಳ್ಳಿ ಹಿಡಿಯುತ್ತಿತ್ತು. ಹೊರಗೆ ಹೋಗಿ ಚಿಮಣಿ ನೋಡಿದರೆ ಬಿಸಿಗಾಳಿ ನಡುಗುವುದು ಬಿಟ್ಟು ಏನೂ ಇಲ್ಲ. ಕೆಳಗೆ ಉಳಿದ ಬೂದಿ ವಿಭೂತಿಯಂತೆ ನಯ. "ನಮ್ಮವ್ವಗ ಇಂಥದೊಂದು ಒಲಿ ಇದ್ದಿದ್ರ," ಎಂದು ಸಹಾಯಕಿ ವಿರುಪಮ್ಮನ ಮುಂದೆ ಒಂದೇ ಸಲ ಅಂದು, ಬೂದಿ ತೋಡಲು ಬಗ್ಗಿದ್ದಳು.

ದಸರೆ ರಜೆ ಮುಗಿದು ಮಕ್ಕಳು ಮರಳಿದ ವಾರದಿಂದ ಒಲೆ ಕೆಟ್ಟಿತು. ಉರಿ ಉದ್ದವಾಯಿತು, ಕೆಂಪಾಯಿತು, ಸೋಮಾರಿಯಂತೆ ತೂಗಾಡತೊಡಗಿತು, ತುದಿ ಕಪ್ಪು. ಪಾತ್ರೆಗಳ ತಳ ದಿನದಿನ ಮಸಿಯಾಯಿತು. ಅನ್ನ ಬೇಯಲು ಅರ್ಧ ಗಂಟೆ ಹೆಚ್ಚು. ಬೂದಿಯಲ್ಲಿ ಅರೆಬೆಂದ ಕರಿ ಗುಳಿಗೆಗಳು. ಆ ರಜೆಯಲ್ಲೇ ಕಂಪ್ಲಿಯಿಂದ ಹೊಸ ಗುಳಿಗೆ ಚೀಲ ಬಂದಿದ್ದರಿಂದ, ಮಾಲು ಖರಾಬು ಎಂದು ಸಿದ್ದಮ್ಮ ತೀರ್ಮಾನಿಸಿದಳು. ಮ್ಯಾನೇಜರ್ ಬಸವಕುಮಾರನಿಗೆ ಎರಡು ಸಲ ಹೇಳಿದಳು. "ರಜಾದಾಗ ಸರ್ವಿಸ್ ಆಗೈತಿ ಸಿದ್ದಮ್ಮ, ಸುಮ್ನ ತಕರಾರು ತೆಗಿಬ್ಯಾಡ," ಎಂದ. ನೊಣ ಬರುತ್ತವೆಂದು ಅವನೇ ಅಡುಗೆಮನೆಯ ಕಿಟಕಿಗಳನ್ನೂ ಮುಚ್ಚಿಸಿದ್ದ.

ಹನ್ನೆರಡು ದಿನ ಹೀಗೇ ನಡೆಯಿತು. ಹದಿಮೂರನೆಯ ಬೆಳಿಗ್ಗೆ ಉಪ್ಪಿಟ್ಟಿನ ರವೆ ಹುರಿಯುತ್ತಿದ್ದ ವಿರುಪಮ್ಮ ತಲೆ ಸಿಡಿಯುತ್ತಿದೆ ಎಂದು ಗೋಡೆಗೆ ಒರಗಿದಳು. ವಾಂತಿ ಮಾಡಿದಳು. ಆಮೇಲೆ ಜೋಳದ ಚೀಲ ಕುಸಿದ ಹಾಗೆ ಬಿದ್ದಳು. ಸಿದ್ದಮ್ಮ ಅವಳನ್ನು ಕಂಕುಳಿಗೆ ಕೈ ಹಾಕಿ ಅಂಗಳಕ್ಕೆ ಎಳೆದು ತಂದಳು. ಆಟೋದಲ್ಲಿ ದವಾಖಾನೆಗೆ ಒಯ್ದಳು. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೇ, "ಕಿಟಕಿ ಮುಚ್ಚಿ ಒಲೆ ಉರಿಸಿದಿರಾ?" ಎಂಬುದು. ಆಮ್ಲಜನಕ ಹಾಕಿ ಹೇಳಿದರು: "ಕಣ್ಣಿಗೆ ಕಾಣೋ ಹೊಗೆಗಿಂತ ಕಾಣದ ಗಾಳಿ ಕೆಟ್ಟದ್ದು. ಬೆಂಕಿ ಪೂರಾ ಉರಿಯದಿದ್ರೆ ಅದು ಹುಟ್ಟುತ್ತೆ. ಇನ್ನರ್ಧ ಗಂಟೆ ಅಲ್ಲೇ ಇದ್ದಿದ್ರೆ ಇವರು ಉಳೀತಿರಲಿಲ್ಲ."

ಸಿದ್ದಮ್ಮ ಶಾಲೆಗೆ ಬಂದಾಗ ಬಸವಕುಮಾರ್ ಒಂದು ಕಾಗದ ಸಿದ್ಧ ಮಾಡಿಟ್ಟುಕೊಂಡು ಕೂತಿದ್ದ. "ಒಂದು ಸಹಿ ಮಾಡು. ಆಫೀಸ್ ರೂಲು."

ಸಿದ್ದಮ್ಮ ಏಳನೇ ತರಗತಿ ಓದಿದವಳು. ನಿಂತೇ ಓದಿದಳು. ಒಲೆಯನ್ನು ಶುಚಿಯಾಗಿಡದ ಅಡುಗೆಯವರ ಅಜಾಗರೂಕತೆಯಿಂದ ಸಹಾಯಕಿ ಅಸ್ವಸ್ಥಳಾದಳು ಎಂದಿತ್ತು.

ಅವಳ ಕಿವಿಯ ತುದಿಯವರೆಗೆ ರಕ್ತ ಏರಿತು. "ಆಕಿ ಉಸಿರಿಗೆ ಒದ್ದಾಡಿದ್ದು ಮುಂಜಾನಿ ಆರು ಗಂಟಿಗೆ. ನೀವು ಈ ಕಾಗದ ಬರದದ್ದು ಎಷ್ಟ್ ಗಂಟಿಗ್ರಿ? ಆಕಿ ಬದುಕ್ಯಾಳೋ ಸತ್ತಾಳೋ ಕೇಳೂಕಿಂತ ಮೊದಲ ಬರದೀರೇನು?"

"ಬಾಯಿ ಬಿಗಿ ಹಿಡದು ಮಾತಾಡು. ಒಲಿಗೆ ಸರ್ಟಿಫಿಕೇಟ್ ಐತಿ, ಹೊಗೆರಹಿತ ಅಂತ. ಸೋಮವಾರ ಕಂಪನಿ ಟೆಕ್ನೀಷಿಯನ್ ಬರ್ತಾನ, ಸೆಕ್ರೆಟರಿ ಸಾಹೇಬ್ರೂ ಬರ್ತಾರ. ಒಲಿ ಸರಿ ಐತಿ ಅಂತಾದ್ರ ನೀ ಸಹಿ ಮಾಡಬೇಕು, ಮಾಡಲಿಲ್ಲಾಂದ್ರ ಮನಿಗೆ ನಡಿ."

"ಸೋಮವಾರ ಬರ್ಲಿ," ಎಂದಳು ಸಿದ್ದಮ್ಮ. ಕಾಗದವನ್ನು ಅವನ ಮೇಜಿನ ಮೇಲೆ ಬೋರಲು ಹಾಕಿ ಹೊರಟಳು.

ಸಿಟ್ಟು ಅವನ ಮೇಲಷ್ಟೇ ಇರಲಿಲ್ಲ. ಹನ್ನೆರಡು ದಿನ ಹುಣಸೆಹಣ್ಣು ಹಾಕಿ ಮಸಿ ತಿಕ್ಕಿದ್ದು ಇದೇ ಕೈ. ಉರಿ ಕೆಟ್ಟದ್ದನ್ನು ಮೊದಲ ದಿನವೇ ಕಂಡ ಕಣ್ಣು ಇದೇ. ತಾಯಿಯ ಕೆಮ್ಮು ಕೇಳಿ ಬೆಳೆದವಳು ಎರಡು ಸಲ ಹೇಳಿ ಸುಮ್ಮನಾಗಿಬಿಟ್ಟೆನಲ್ಲ ಎಂದು ತನ್ನ ಹಣೆಯನ್ನೇ ಚಚ್ಚಿಕೊಳ್ಳಬೇಕು ಅನಿಸಿತು. ಕಿಟಕಿಗಳನ್ನೆಲ್ಲ ದಡದಡ ತೆರೆದಿಟ್ಟು, ಹಳೆಯ ಗ್ಯಾಸ್ ಒಲೆಯ ಮೇಲೆ ಸಂಜೆಯ ಅಡುಗೆ ಮುಗಿಸಿದಳು. ಮರುದಿನ ಶನಿವಾರ. ಮಧ್ಯಾಹ್ನದ ಊಟ ಬಡಿಸಿ, ಸೆರಗಿನಲ್ಲಿ ಎರಡು ಹಿಡಿ ಗುಳಿಗೆ ಕಟ್ಟಿಕೊಂಡು ಕಂಪ್ಲಿ ಬಸ್ಸು ಹತ್ತಿದಳು.

ಗುಳಿಗೆ ಮಾಡುವ ಜಡೆಪ್ಪನ ಶೆಡ್ಡು ಕಂಪ್ಲಿಯಲ್ಲಿ ಅಕ್ಕಿ ಗಿರಣಿಗಳ ಸಾಲಿನ ಕೊನೆಗಿತ್ತು. ಮೈಮೇಲೆಲ್ಲ ರವದಿಯ ಪುಡಿ ಮೆತ್ತಿಕೊಂಡಿದ್ದ ಅರವತ್ತರ ಮನುಷ್ಯ. ಸಿದ್ದಮ್ಮ ನಮಸ್ಕಾರವನ್ನೂ ಮಾಡದೆ ಗುಳಿಗೆಯನ್ನು ಅವನ ಕಾಲ ಬುಡಕ್ಕೆ ಸುರಿದಳು.

"ಏನ್ ಬೆರಸೀರಿ ಇದರಾಗ? ಪ್ಲೈವುಡ್ ಪುಡಿನೋ, ರಸ್ತೆ ಕಸನೋ? ನಿಮ್ಮ ಗುಳಿಗಿ ಹೊಗಿ ಕುಡದು ನಮ್ಮ ವಿರುಪಿ ದವಾಖಾನ್ಯಾಗ ಬಿದ್ದಾಳ!"

ಗಿರಣಿ ಆಳುಗಳು ಕೆಲಸ ನಿಲ್ಲಿಸಿ ನೋಡಿದರು. ಜಡೆಪ್ಪ ಬಗ್ಗಿ ಒಂದು ಗುಳಿಗೆ ಎತ್ತಿಕೊಂಡ. "ಕುಂದ್ರವ್ವ. ಬೈಯೂದು ಇದ್ದ ಐತಿ, ಮೊದಲ ನೋಡು." ಗುಳಿಗೆಯನ್ನು ಎರಡು ಬೆರಳಲ್ಲಿ ಮುರಿದ, ಚಟ್ಟೆಂದಿತು. "ಹಸಿ ಇದ್ರ ಹಿಂಗ ಮುರಿಯಂಗಿಲ್ಲ, ಪುಡಿ ಆಕ್ಕೈತಿ. ಮೂಸು." ಮೂಸಿದಳು. ಬೆಲ್ಲದಂಥ ಕಬ್ಬಿನ ವಾಸನೆ, ಅಂಟಿನ ನಾತವಿಲ್ಲ. ಅವನು ಶೆಡ್ಡಿನ ಮೂಲೆಯ ತನ್ನ ಒಲೆಗೆ ಅವಳು ತಂದ ಗುಳಿಗೆಯನ್ನೇ ಸುರಿದು ಹೊತ್ತಿಸಿದ. ಐದು ನಿಮಿಷ ಇಬ್ಬರೂ ಉರಿ ನೋಡುತ್ತ ಕೂತರು. ಬಿಳಿ ಹೊಗೆ ಹೋಯಿತು. ಗಿಡ್ಡ ಉರಿ ನಿಂತಿತು, ಜೂನಿನಲ್ಲಿ ಅವಳು ಕಂಡಂಥದ್ದೇ.

ಸಿದ್ದಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಒಂದು ಶೆಡ್ಡು ಜನರೆದುರು ನಿರಪರಾಧಿಯನ್ನು ಬೈದಿದ್ದಳು.

ಜಡೆಪ್ಪ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. "ಗುಳಿಗಿ ಚೊಲೋ ಐತಿ ಅಂದ್ರ, ನಿಮ್ಮ ಒಲಿ ಉಸಿರು ಕಟ್ಟೈತಿ. ಉರಿ ಕೆಂಪಾಗಿ ಜೋಲಾಡಾಕತ್ತಿದ್ರ ಅದಕ್ಕ ಗಾಳಿ ಸಾಲವಲ್ದು. ನಿಮ್ಮ ಫ್ಯಾನ್ ಸಪ್ಪಳ ಹೆಂಗೈತಿ?"

ಸಪ್ಪಳ ಎಂದೊಡನೆ ಸಿದ್ದಮ್ಮನಿಗೆ ನೆನಪಾಯಿತು. ಮೊದಲೆಲ್ಲ ಆ ಫ್ಯಾನಿನ ಅಬ್ಬರಕ್ಕೆ ವಿರುಪಮ್ಮನನ್ನು ಕೂಗಿ ಕರೆಯಬೇಕಿತ್ತು. ದಸರೆ ಆದ ಮೇಲೆ ಪಿಸುಮಾತೂ ಕೇಳುತ್ತಿತ್ತು. ಇಬ್ಬರೂ ಕೂತು, ಒಳ್ಳೆಯದೇ ಆಯಿತು, ಈಗ ಹರಟೆ ಹೊಡೆಯಬಹುದು ಎಂದು ನಕ್ಕಿದ್ದರು. ಫ್ಯಾನಿನ ವೇಗದ ಗುಂಡಿ ಇದ್ದದ್ದು ಉಗ್ರಾಣದ ಗೋಡೆಯ ಕಬ್ಬಿಣದ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಬೀಗ. ಕೀಲಿ ಬಸವಕುಮಾರನ ಹತ್ತಿರ.

ಸೋಮವಾರ ಹತ್ತು ಗಂಟೆಗೆ ಎಲ್ಲರೂ ಬಂದರು. ಟ್ರಸ್ಟಿನ ಸೆಕ್ರೆಟರಿ ಗೋಪೀನಾಥರಾಯರು, ನಿವೃತ್ತ ಅಧಿಕಾರಿ, ಕೈಯಲ್ಲಿ ಕರವಸ್ತ್ರ. ಒಲೆ ಕಂಪನಿಯ ಟೆಕ್ನೀಷಿಯನ್ ತಿಪ್ಪೇಶ್, ಕುತ್ತಿಗೆಯಲ್ಲಿ ಗುರುತಿನ ಚೀಟಿ. ಒಲೆ ಹೊತ್ತಿಸಿ ಎರಡು ನಿಮಿಷವಾಗಿತ್ತೋ ಇಲ್ಲವೋ, ಅವನು ಬಾಗಿಲಲ್ಲೇ ನಿಂತು, "ಹೊತ್ತಿಸಿದಾಗ ಹೊಗೆ ಬಂದೇ ಬರ್ತದ ಸರ್, ಇದು ನಾರ್ಮಲ್," ಎಂದು ಕಾಗದಕ್ಕೆ ಪೆನ್ನು ಹಚ್ಚಿದ.

"ಬರೀಬ್ಯಾಡ್ರಿ!" ಸಿದ್ದಮ್ಮನ ದನಿಗೆ ಪೆನ್ನು ನಿಂತಿತು. "ಹೊತ್ತಿಸಿದಾಗ ಬರೂ ಹೊಗಿ ಬ್ಯಾರೆ, ಅನ್ನ ಬೆಂದ ಮ್ಯಾಲೂ ಬರೂ ಹೊಗಿ ಬ್ಯಾರೆ. ಅರ್ಧ ತಾಸು ಕುಂದ್ರಿ. ನಾವು ದಿನಾ ಆರು ತಾಸು ಕುಂದ್ರತೀವಿ."

ಗೋಪೀನಾಥರಾಯರು ಮುಖ ಸಿಂಡರಿಸಿದರು, ಆದರೆ ಕೂತರು. ಹದಿನೈದು ನಿಮಿಷಕ್ಕೆ ಅವರ ಕರವಸ್ತ್ರ ಮೂಗಿಗೆ ಹೋಯಿತು. ಇಪ್ಪತ್ತಕ್ಕೆ ಕಣ್ಣು ಒರೆಸಿಕೊಂಡರು. ಸಿದ್ದಮ್ಮ ತೊಳೆದ ಸ್ಟೀಲ್ ತಟ್ಟೆಯೊಂದನ್ನು ಇಕ್ಕಳದಲ್ಲಿ ಹಿಡಿದು ಉರಿಯ ತುದಿಗೆ ಒಡ್ಡಿ, ಹತ್ತು ಎಣಿಸಿ, ಅವರ ಮುಂದೆ ಹಿಡಿದಳು. ತಟ್ಟೆಯಲ್ಲಿ ಅಂಗೈಯಗಲ ಕಾಡಿಗೆ. "ಇದು ನಮ್ಮ ಎದಿಯೊಳಗ ಹೋಗೂದು ಸಾಹೇಬ್ರ. ತಟ್ಟಿ ತೊಳೀಬಹುದು. ಆ ಪೆಟ್ಟಿಗಿ ತೆಗಸ್ರಿ."

"ಕೀಲಿ ಮನ್ಯಾಗ ಉಳದೈತಿ ಸರ್," ಎಂದ ಬಸವಕುಮಾರ್.

ಸಿದ್ದಮ್ಮ ಅವನ ಮುಖವನ್ನೊಮ್ಮೆ ನೋಡಿದಳು. ಮಸಾಲೆ ಕುಟ್ಟುವ ಕಬ್ಬಿಣದ ಹಾರೆಯನ್ನು ಎತ್ತಿಕೊಂಡು ಉಗ್ರಾಣಕ್ಕೆ ನಡೆದಳು. "ಏಯ್, ಏಯ್" ಎಂದು ಅವನು ಹಿಂದೆ ಓಡಿ ಬರುವಷ್ಟರಲ್ಲಿ ಮೂರು ಏಟು ಬಿದ್ದಿತ್ತು. ಬೀಗ ಕೊಂಡಿಯ ಸಮೇತ ಕಿತ್ತು ನೆಲಕ್ಕೆ ಬಂತು.

ಒಳಗೆ ಫ್ಯಾನಿನ ಗುಂಡಿ ಒಂದರಲ್ಲಿತ್ತು. ಅದು ತಿರುಗದಂತೆ ಮೇಲೆ ಮೂರು ಸುತ್ತು ಕರಿ ಟೇಪು.

"ಇದನ್ನ ಸುತ್ತಿದವರು ಯಾರು?" ಗೋಪೀನಾಥರಾಯರು ತಿಪ್ಪೇಶನನ್ನು ಕೇಳಿದರು. ಅವನು ಬಸವಕುಮಾರನ ಕಡೆ ನೋಡಿದ. "ಗುಳಿಗಿ ಭಾಳ ಖರ್ಚಾಗ್ತಾವು, ಫ್ಯಾನ್ ಇಳಿಸು ಅಂದ್ರು ಸರ್. ನಾನು ಬ್ಯಾಡ ಅಂತ ಹೇಳಿದ್ದೆ."

"ಬ್ಯಾಡ ಅಂದ ಬಾಯಾಗ ಈಗ ನಾರ್ಮಲ್ ಅಂದೆಲ್ಲೋ!" ಎಂದಳು ಸಿದ್ದಮ್ಮ. "ಮತ್ತ ನೀವು, ಮ್ಯಾನೇಜರ್ರ, ಏನ್ ಉಳಿಸಿದ್ರಿ? ಅರ್ಧ ತಾಸು ಹೆಚ್ಚಿಗಿ ಉರದು ಅಷ್ಟ ಗುಳಿಗಿ ಸುಟ್ಟೈತಿ. ನನ್ನ ಕೇಳಿದ್ರ ಹೇಳ್ತಿದ್ನೆಲ್ರಿ. ಒಲಿ ಮುಂದ ಕುಂತಾಕಿನ್ನ ಕೇಳಾಕ ನಿಮಗ ನಾಚಿಕಿ!" ಉಗುರಿನಿಂದ ಟೇಪು ಕಿತ್ತು ಗುಂಡಿಯನ್ನು ನಾಲ್ಕಕ್ಕೆ ತಿರುಗಿಸಿದಳು. ಫ್ಯಾನು ಗುರ್ರೆಂದಿತು. ಎಲ್ಲರೂ ಅಡುಗೆಮನೆಗೆ ಮರಳುವಷ್ಟರಲ್ಲಿ ಉರಿ ಕುಗ್ಗಿ ಬಿಳಿಚಿತ್ತು. ಇನ್ನೊಂದು ತಟ್ಟೆ ಹಿಡಿದು ಮತ್ತೆ ಹತ್ತು ಎಣಿಸಿದಳು. ತಟ್ಟೆ ಬಿಸಿಯಾಯಿತು, ಕಪ್ಪಾಗಲಿಲ್ಲ.

ಪೆಟ್ಟಿಗೆಯ ಬೀಗ ಹೋಯಿತು, ಕಿಟಕಿಗಳು ತೆರೆದೇ ಇದ್ದವು, ತಿಂಗಳೊಳಗೆ ಗೋಡೆಗೆ ಹೊಗೆ ಎಳೆಯುವ ಫ್ಯಾನೂ ಬಂತು. ಆದರೆ ಬಸವಕುಮಾರ್ ಅದೇ ಕುರ್ಚಿಯಲ್ಲಿ ಉಳಿದ. ಅವನು ಟ್ರಸ್ಟಿಗೆ ಬೇಕಾದವನು. ಅಡುಗೆಯವರ ಅಜಾಗರೂಕತೆ ಎಂಬ ಸಾಲು ಹೊಡೆದು, ತಾಂತ್ರಿಕ ಕಾರಣ ಎಂದು ತಿದ್ದಿದರು. "ತಾಂತ್ರಿಕ ಅಂದ್ರ ಯಾರ್ರೀ? ಅವಂಗ ಅಪ್ಪ ಅವ್ವ ಇಲ್ಲೇನು?" ಎಂದು ಸಿದ್ದಮ್ಮ ಆಫೀಸಿನಲ್ಲೇ ಕೇಳಿದಳು. ಮೂರು ವಾರದ ನಂತರ ವಿರುಪಮ್ಮ ಕೆಲಸಕ್ಕೆ ಬಂದಳು. ಮೆಟ್ಟಿಲು ಹತ್ತಿದರೆ ಇನ್ನೂ ಏದುಸಿರು. ತಪ್ಪಾಯಿತು ಎಂದು ಒಂದು ಮಾತನ್ನೂ ಯಾರೂ ಅವಳಿಗೆ ಅನ್ನಲಿಲ್ಲ. ಸಿದ್ದಮ್ಮ ಮಾತ್ರ ಕಂಪ್ಲಿಗೆ ಮತ್ತೆ ಹೋಗಿ, ಅವತ್ತು ಬೈಗುಳ ಕೇಳಿದ ಅಷ್ಟೂ ಆಳುಗಳೆದುರು, "ತಪ್ಪಾತ್ರಿ ಅಣ್ಣಾರ," ಎಂದು ಜಡೆಪ್ಪನಿಗೆ ಕೈ ಮುಗಿದು ಬಂದಳು.

ಅವಳನ್ನು ಕೊರೆಯುತ್ತಿದ್ದುದು ಬೇರೊಂದು ಮಾತು. ಆ ಸೋಮವಾರ ಹೊರಡುವಾಗ ತಿಪ್ಪೇಶ್ ಮೆಲ್ಲಗೆ ಅಂದಿದ್ದ: "ನಿಮ್ಮಲ್ಲೊಂದ ಅಲ್ಲಕ್ಕ. ಇನ್ನೂ ನಾಕು ಕಡೆ ಟೇಪು ಸುತ್ತೀನಿ." ಊರುಗಳ ಹೆಸರನ್ನೂ ಹೇಳಿದ್ದ. "ಹೋಗಿ ಕಿತ್ತು ಬಾ" ಎಂದು ಇವಳು ಅಂದದ್ದಕ್ಕೆ, ನೌಕರಿ ಹೋಗುತ್ತದೆ ಎಂದು ತಲೆ ತಗ್ಗಿಸಿದ್ದ.

ಒಂದು ಭಾನುವಾರ ಸಿದ್ದಮ್ಮ ಕೊಟ್ರಯ್ಯನ ಬೈಕಿನ ಹಿಂದೆ ಕೂತು, ತಿಪ್ಪೇಶ್ ಹೇಳಿದ ಊರುಗಳಲ್ಲೊಂದಾದ ಸಂಡೂರಿಗೆ ಹೋದಳು. ಅಲ್ಲಿಯ ಹಾಸ್ಟೆಲಿನ ಗೇಟಿನಲ್ಲಿ ಕಾವಲುಗಾರ ಒಳಗೆ ಬಿಡಲಿಲ್ಲ. "ಆತು ಬಿಡು, ಹೊಗಿ ಇಲ್ಲಿಂದನ ಕಾಣ್ತೈತಿ," ಎಂದು ಗಂಡನಿಗೆ ಹೇಳಿ ಹಿಂದಿನ ಓಣಿಗೆ ನಡೆದಳು. ಅಡುಗೆಮನೆಯ ಚಿಮಣಿ ಕರಿ ಹೊಗೆ ಕಾರುತ್ತಿತ್ತು, ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ. ಕಂಪೌಂಡ್ ಗೋಡೆಯ ಹತ್ತಿರದ ಕಲ್ಲು ಹತ್ತಿ ನಿಂತು ಕೂಗಿದಳು: "ಯಾರವ್ವ ಒಳಗ ಅಡಿಗಿ ಮಾಡಾಕಿ?"

ಕಣ್ಣು ಕೆಂಪಗಾದ ಮುದುಕಿಯೊಬ್ಬಳು ಸೆರಗಿನಿಂದ ಮುಖ ಒರೆಸುತ್ತ ಬಾಗಿಲಿಗೆ ಬಂದಳು. ಹೆಸರು ಮುದುಕಮ್ಮ ಎಂದಳು. ಸಿದ್ದಮ್ಮ ಗೋಡೆಯ ಮೇಲಿಂದಲೇ ಎಲ್ಲ ಹೇಳಿದಳು: ಉರಿಯ ಬಣ್ಣ, ಫ್ಯಾನಿನ ಸಪ್ಪಳ, ಪೆಟ್ಟಿಗೆ, ಟೇಪು, ವಿರುಪಮ್ಮ ಬಿದ್ದದ್ದು. ಮುದುಕಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದಳು. "ನನಗೂ ದಿನಾ ತಲಿ ನೋಯ್ತೈತಿ, ವಯಸ್ಸಾತು ಅಂತ ತಿಳಕೊಂಡಿದ್ನೆವ್ವ," ಎಂದಳು. ಆಮೇಲೆ ಸೆರಗು ಬಿಗಿದು ಒಳಗೆ ಹೋದಳು.

ಸಿದ್ದಮ್ಮ ಕಲ್ಲಿನಿಂದ ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಬ್ಬ ಗಂಡಸು, "ಆ ಪೆಟ್ಟಿಗಿ ಮುಟ್ಟಬ್ಯಾಡ ಅಂದೀನಿಲ್ಲ," ಎಂದು ಗದರುವುದು ಕೇಳಿಸಿತು. ಅದರ ಹಿಂದೆಯೇ, ಅವನಿಗಿಂತ ಎರಡು ಪಟ್ಟು ಗಟ್ಟಿಯಾಗಿ, ಮುದುಕಮ್ಮನ ದನಿ.