ನೇರಳೆಹಣ್ಣಿನ ಒಗರು

ನಮ್ಮ ಸದಾಶಿವನಗರದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರು ಹಿಂದೆ ಗ್ರೀಕ್ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರು. ಆ ದೇಶದ ನಾವೂಸಾ ಎಂಬ ಬೆಟ್ಟದೂರಿನ ಕೆಂಪು ವೈನ್ ಕೊಡುವ ಮುನ್ನ ನನಗೆ ನೇರಳೆಹಣ್ಣು ತಿನ್ನಿಸಿದರು.

"ಮೊದ್ಲು ಒಗರು ಅಭ್ಯಾಸ ಆಗ್ಲಿ. ಅವಸರ ಬೇಡ ಸಾರ್."

ಕುಡಿದವನೇ ಆ ಒಗರಿಗೆ ಹಲ್ಲೆಲ್ಲ ಇವೆಯೋ ಇಲ್ಲವೋ ಎಂದು ನಾಲಿಗೆಯಲ್ಲಿ ತಡವಿಕೊಂಡೆ. ಅವರು ಗ್ಲಾಸನ್ನು ಮೆಲ್ಲಗೆ ತಿರುಗಿಸುತ್ತಾ ಕೂತಿದ್ದರು. ಅರ್ಧ ಗಂಟೆ ಬಿಟ್ಟು ಅದೇ ವೈನ್‌ನಲ್ಲಿ ಒಣಗಿದ ಟೊಮೇಟೊ ವಾಸನೆ ಬಂತು, ಒಗರೂ ಹಿತವಾಯಿತು.

ಊರು ಬಿಡುವಾಗ ಅದೇ ವೈನಿನ ಒಂದು ಬಾಟ್ಲಿ ಕೊಟ್ಟರು. "ಮಲಗಿಸಿಡಿ, ಇಟ್ಟಷ್ಟೂ ಒಗರು ಇಳಿಯುತ್ತೆ. ಐದು ವರ್ಷಕ್ಕೆ ಬರ್ತೀನಿ, ಒಟ್ಟಿಗೆ ತೆಗೆಯೋಣ."

"ಅಷ್ಟರಲ್ಲಿ ನಾನೇ ಇರ್ತೀನೋ ಇಲ್ವೋ."

"ಅವಸರ ಬೇಡ ಸಾರ್."

ಇದು ಏಳನೇ ವರ್ಷ. ನಾನಂತೂ ಇದ್ದೀನಿ. ನಮ್ಮೂರಿನ ಗುಬ್ಬಿ ಗೇಟ್ ಮಾರುಕಟ್ಟೆಗೆ ನೇರಳೆ ಬಂದಾಗೆಲ್ಲ ಎರಡು ಗ್ಲಾಸ್ ತೊಳೆದಿಟ್ಟು, ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು, ಹಣ್ಣಷ್ಟೇ ತಿನ್ನುತ್ತೇನೆ.