ಡೀಸೆಲ್ ಬೈದವನ ಡೀಸೆಲ್ ಗಾಡಿ

ಎಲ್ಡನ್ ರಾಸ್ಕ್ ಮೂವತ್ತು ವರ್ಷ ಡೀಸೆಲ್ ಗಾಡಿಗಳನ್ನು ಬೈದ. ಬಾಯಿಗೆ ಬಂದಾಗ ಬೈದದ್ದಲ್ಲ. ಕೆಲವರು ಬೆಳಗೆದ್ದು ದೇವರಿಗೆ ಕೈಮುಗಿಯುತ್ತಾರಲ್ಲ, ಅಷ್ಟು ನೇಮದಿಂದ ಬೈದ. ನೆಬ್ರಾಸ್ಕಾದ ಮರಳುಗುಡ್ಡಗಳ ನಡುವಿನ ಆ ಊರಿನಲ್ಲಿ ಜನಕ್ಕಿಂತ ದನ ಹೆಚ್ಚು, ದನಕ್ಕಿಂತ ಗಾಳಿ ಹೆಚ್ಚು. ಗಾಳಿಗಿಂತಲೂ ಹೆಚ್ಚಿನದು ಏನಾದರೂ ಇದ್ದರೆ ಅದು ನನ್ನ ಗಂಡನ ಮಾತು ಅಂತ ಅವನ ಹೆಂಡತಿ ನೋರೀನ್ ಹೇಳುತ್ತಿದ್ದಳು.

ಅವನ ಕಸುಬು ದನ ಸಾಗಿಸುವುದು. ಪಿಕಪ್ಪಿನ ಹಿಂದೆ ಉದ್ದನೆಯ ಟ್ರೇಲರ್ ಕಟ್ಟಿಕೊಂಡು ಊರಿನವರ ಹಸು, ಕರು, ಕುದುರೆಗಳನ್ನು ಗುರುವಾರದ ಹರಾಜಿಗೆ ಒಯ್ಯುವುದು. ಆ ಪಿಕಪ್ಪು ಪೆಟ್ರೋಲಿನದು. ಸಹಕಾರ ಸಂಘದ ಅಂಗಡಿಯಲ್ಲಿ ಬೆಳಗಿನ ಕಾಫಿಗೆ ಕೂತಾಗ ಅವನ ಪುರಾಣ ಶುರುವಾಗುತ್ತಿತ್ತು.

"ನಂದು ಬೆಣ್ಣೆಯಂಥ ಗಾಡಿ ಕಣ್ರೋ. ಡೀಸೆಲ್ಲಾ? ಥೂ! ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಚಳಿ ಬಂದ್ರೆ ಅದಕ್ಕೆ ಕರೆಂಟ್ ಕೊಟ್ಟು ಬೆಚ್ಚಗೆ ಮಲಗಿಸಬೇಕು. ನನ್ನ ಹೆಂಡ್ತೀನೇ ಅಷ್ಟು ಉಪಚಾರ ಕೇಳಲ್ಲ!"

ಎದುರಿಗೆ ಕೂತ ಗಾರ್ಲಂಡ್ ಕೂಡ ದನ ಸಾಗಿಸುವವನೇ. ಅವನದು ಡೀಸೆಲ್ ಗಾಡಿ. ಅವನು ನಕ್ಕು ಕಾಫಿ ಹೀರುತ್ತಿದ್ದ, ಅಷ್ಟೇ. ಯಾಕೆಂದರೆ ಹರಾಜಿನ ದಾರಿಯಲ್ಲಿ ಸತ್ತಕುದುರೆ ದಿಣ್ಣೆ ಅಂತ ಒಂದು ಏರಿದೆ. ಟ್ರೇಲರ್ ತುಂಬಿಕೊಂಡು ಅದನ್ನು ಹತ್ತುವಾಗ ಎಲ್ಡನ್‌ನ ಬೆಣ್ಣೆ ಕರಗಿಹೋಗುತ್ತಿತ್ತು. ಇಂಜಿನ್ ಅರಚುತ್ತಿತ್ತು, ಗಾಡಿ ತೆವಳುತ್ತಿತ್ತು, ಹಿಂದೆ ಮದುವೆ ದಿಬ್ಬಣದ ಹಾಗೆ ಗಾಡಿಗಳ ಸಾಲು. ಕೇಳಿದರೆ, ರಸ್ತೆ ಮಾಡಿದವರಿಗೆ ಬುದ್ಧಿ ಇಲ್ಲ ಅನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಕಳೆದ ಶರತ್ಕಾಲದಲ್ಲಿ ಆ ದಿಣ್ಣೆಯ ನಡುಮಧ್ಯೆ ಬೆಣ್ಣೆಯಂಥ ಗಾಡಿ ಕುದಿದು, ಬುಸ್ಸೆಂದು ಹಬೆ ಬಿಟ್ಟು ನಿಂತಿತು. ಟ್ರೇಲರಿನಲ್ಲಿ ಇದ್ದದ್ದು ವರ್ಡಾ ಕ್ರೌಸ್‌ಳ ಹೋರಿ. ಬಿಸಿಲಲ್ಲಿ ನಿಂತು ಅದು ಇಡೀ ಕಣಿವೆಗೆ ಕೇಳುವಂತೆ ಗುಟುರು ಹಾಕಿತು. ಕೊನೆಗೆ ಗಾರ್ಲಂಡ್ ಬಂದು ಟ್ರೇಲರನ್ನು ತನ್ನ ಗಾಡಿಗೆ ಕಟ್ಟಿಕೊಂಡ. ಅವನು ಒಂದು ಮಾತು ಚುಚ್ಚಿದ್ದರೂ ಎಲ್ಡನ್ ಸಹಿಸುತ್ತಿದ್ದ. ಪಾಪಿ, ಏನೂ ಅನ್ನಲಿಲ್ಲ. ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿದ. ಆ ಸೀಮೆಯಲ್ಲಿ ದಾರಿಯಲ್ಲಿ ಸಿಕ್ಕವರಿಗೆಲ್ಲ ಮಾಡುವ ನಮಸ್ಕಾರ ಅದು. ಹಾಗೆ ಬೆರಳು ಎತ್ತಿ, ಸಲೀಸಾಗಿ ದಿಣ್ಣೆ ಹತ್ತಿ ಹೋದ.

ಈ ವರ್ಡಾ ಎಂಬತ್ತರ ಹತ್ತಿರದ ಹೆಂಗಸು. ಗಂಡ ಹೋಗಿ ಯಾವ ಕಾಲವಾಯಿತೋ, ಒಬ್ಬಳೇ ಮೂವತ್ತು ಹಸು ಸಾಕಿಕೊಂಡು ಗಟ್ಟಿಯಾಗಿದ್ದಳು. ಆದರೆ ಈ ವಸಂತಕ್ಕೆ ಅವಳ ಕಣ್ಣು ಮಂಜಾಯಿತು, ಗಾಡಿ ಓಡಿಸುವ ಲೈಸೆನ್ಸ್ ಹೋಯಿತು. ಮೇವು ಒಯ್ಯಲಾಗದವಳಿಗೆ ಹಸು ಯಾಕೆ? ನನ್ನ ಡೀಸೆಲ್ ಪಿಕಪ್ಪು ಈಗಲೇ ಮಾರುತ್ತೇನೆ, ಹಸುಗಳನ್ನು ಅಕ್ಟೋಬರಿನಲ್ಲಿ ಅಂತ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು.

"ನನ್ನ ಹಸುಗಳನ್ನ ಯಾರು ಬೇಕಾದ್ರೂ ಒಯ್ಯಲಿ. ಆದ್ರೆ ದಿಣ್ಣೆ ಮೇಲೆ ನಿಲ್ಲಿಸಬಾರದು. ಕೂಗಾಡಬಾರದು. ನಾಯಿ ಬಿಡಬಾರದು, ಕರೆಂಟ್ ಕೋಲು ಮುಟ್ಟಿಸಬಾರದು. ಅವು ಹೆದರಿಕೊಂಡು ಹೋಗಬಾರದು. ಅಷ್ಟೇ ನಾನು ಕೇಳೋದು."

ಗಾರ್ಲಂಡನ ಹತ್ತಿರ ದಿಣ್ಣೆ ಹತ್ತುವ ಗಾಡಿ ಇತ್ತು, ಆದರೆ ನಾಯಿ ಬಿಡದೆ ಅವನಿಂದ ಒಂದು ಕರುವೂ ಟ್ರೇಲರ್ ಹತ್ತುತ್ತಿರಲಿಲ್ಲ. ಎಲ್ಡನ್‌ಗೆ ನಾಯಿಯೂ ಇಲ್ಲ, ಏರು ಹತ್ತುವ ಗಾಡಿಯೂ ಇಲ್ಲ. ಇಷ್ಟು ವರ್ಷ ವರ್ಡಾಳ ದನ ಸಾಗಿಸಿದವನು ಅವನು. ಈ ಕೊನೆಯ ಸಾಗಣೆ ಬೇರೆಯವರ ಪಾಲಾದರೆ ಊರಿನಲ್ಲಿ ತನ್ನನ್ನು ಇನ್ನು ಯಾರೂ ಕರೆಯುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

ಮಾರನೆಯ ದಿನ ಅವನು ವರ್ಡಾಳ ಅಂಗಳದಲ್ಲಿ ಟೋಪಿ ತಿರುವುತ್ತಾ ನಿಂತಿದ್ದ.

"ಆ ಗಾಡಿ... ಕೊಡ್ತೀರಂತೆ?"

"ಯಾವ ಗಾಡಿ?"

"ಅದೇ. ಅದು."

"ಅದಕ್ಕೊಂದು ಹೆಸರಿದೆಯಲ್ಲೋ."

"ನನಗಲ್ಲ. ನಮ್ಮ ಪರಿಚಯದೋರೊಬ್ಬರು ಕೇಳ್ತಿದ್ರು."

"ಆ ಪರಿಚಯದೋರಿಗೂ ನಿನ್ನ ಹಾಗೇ ಬೋಳುತಲೇನಾ?" ವರ್ಡಾ ನಕ್ಕಳು. "ನೋಡು, ಬೆಲೆ ವಿಷಯಕ್ಕೆ ನಾನು ಜಗಳ ಆಡಲ್ಲ. ಒಂದೇ ಷರತ್ತು. ನಾಳೆ ಕಾಫಿ ಹೊತ್ತಿಗೆ ಎಲ್ಲರ ಮುಂದೆ, 'ವರ್ಡಾ, ನನಗೆ ಡೀಸೆಲ್ ಗಾಡಿ ಬೇಕು' ಅಂತ ಕೇಳಬೇಕು. ಕಣ್ಣು ಹೋದ್ರೇನು, ಕಿವಿ ಇನ್ನೂ ಇದೆ. ಕೇಳಿ ಸಂತೋಷಪಡ್ತೀನಿ."

ಕೇಳಿದ ಪುಣ್ಯಾತ್ಮ. ತಗ್ಗಿದ ದನಿಯಲ್ಲಿ ಕೇಳಿದ.

"ಏನಂದೆ?" ಗಾರ್ಲಂಡ್ ಕಿವಿಗೆ ಕೈ ಹಚ್ಚಿದ. "ಹೊರಗೆ ಗಾಳಿ ಜೋರು, ಕೇಳಿಸಲಿಲ್ಲ."

ಎಲ್ಡನ್ ಇನ್ನೊಂದು ಸಲ ಹೇಳಬೇಕಾಯಿತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತ ನಮ್ಮಲ್ಲಿ ಅನ್ನುತ್ತಾರಲ್ಲ, ಅದಕ್ಕೆ ಆವತ್ತು ಇಡೀ ಅಂಗಡಿ ಸಾಕ್ಷಿಯಾಯಿತು.

ಕೀಲಿ ಕೊಡುವಾಗ ವರ್ಡಾ ಅವನಿಗೆ ಪಾಠ ಹೇಳಿದಳು. "ಪೆಟ್ರೋಲ್ ಗಾಡಿ ಹಾಗೆ ಕೀಲಿ ಹಾಕಿದ ಕೂಡಲೇ ತಿರುವಬೇಡ. ಇಲ್ಲಿ ಒಂದು ಪುಟ್ಟ ದೀಪ ಹತ್ತುತ್ತೆ. ಅದು ಆರೋವರೆಗೂ ಕಾಯಿ, ಇಂಜಿನ್ ಒಳಗೆ ಬೆಚ್ಚಗಾಗ್ಲಿ. ಆಮೇಲೆ ಶುರುಮಾಡು." ಎಲ್ಡನ್ ಆ ಕ್ಷಣವೇ ಕೀಲಿ ತಿರುವಿ ಬೈಸಿಕೊಂಡ.

ಗಾಡಿಯ ಮೇಲಿದ್ದ ಮೇವಿನ ಪೆಟ್ಟಿಗೆ ಕಿತ್ತು ಹಾಕಿದ, ಟ್ರೇಲರಿನ ಕೊಂಡಿ ಕೂರಿಸಿದ, ಹೊಳೆಯುವ ಹಾಗೆ ತೊಳೆದ. ಒಂದು ವಾರದಲ್ಲಿ ಮನುಷ್ಯ ಮತಾಂತರವಾಗಿಬಿಟ್ಟ. "ಪೆಟ್ರೋಲಾ? ಅದು ಹೊಲಿಗೆ ಮಿಷನ್ನಿಗೆ ಸರಿ!" ಟ್ರೇಲರಿಗೆ ಹುಲ್ಲಿನ ಹೊರೆ ತುಂಬಿಕೊಂಡು, ಯಾರಿಗೂ ಬೇಡದ ಆ ಹುಲ್ಲನ್ನು ಸತ್ತಕುದುರೆ ದಿಣ್ಣೆಯ ಮೇಲಕ್ಕೆ ಒಯ್ದು ಮತ್ತೆ ಕೆಳಕ್ಕೆ ತಂದ. ಆದರೆ ಸಂಘದ ಪಂಪಿನ ಮುಂದೆ ನಿಂತರೆ ಕೈ ಇನ್ನೂ ಪೆಟ್ರೋಲಿನ ಕಡೆಗೇ ಹೋಗುತ್ತಿತ್ತು. ಡೀಸೆಲ್ಲಿನ ಪಂಪಿಗೆ ಹಸಿರು ಹಿಡಿಕೆ. ಒಳಗಿಂದ ಎಲ್ಲರೂ ಒಟ್ಟಿಗೆ "ಹಸಿರು ಹಿಡಿಕೆ, ಎಲ್ಡನ್!" ಅಂತ ಕೂಗುತ್ತಿದ್ದರು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಎಲ್ಡನ್ ಭಾನುವಾರ ಚರ್ಚಿಗೆ ಟ್ರೇಲರ್ ಕಟ್ಟಿಕೊಂಡು ಹೊರಟ. "ಪ್ರಾರ್ಥನೆಗೆ ಹೋಗ್ತಿದೀವೋ, ದೇವರನ್ನೇ ಸಾಗಿಸಿಕೊಂಡು ಬರೋಕೆ ಹೋಗ್ತಿದೀವೋ?" ಅಂದಳು ನೋರೀನ್.

ದಾರಿ ವರ್ಡಾಳ ಹುಲ್ಲುಗಾವಲಿನ ಬೇಲಿಗುಂಟ ಹೋಗುತ್ತದೆ. ದೂರದಲ್ಲಿ ಮೇಯುತ್ತಿದ್ದ ಹಸುಗಳು ಒಮ್ಮೆಲೇ ತಲೆ ಎತ್ತಿದವು. ಬಾಲ ಎತ್ತಿ ಓಡಿ ಬಂದವು. ಆ ಸೀಮೆಯಲ್ಲಿ ಚಳಿಗಾಲದುದ್ದಕ್ಕೂ ದನಗಳಿಗೆ ಗಟ್ಟಿ ಹಿಂಡಿಯ ತುಂಡು ಹಾಕುತ್ತಾರೆ. ವರ್ಡಾ ಅದನ್ನು ತಂದು ಸುರಿಯುತ್ತಿದ್ದದ್ದು ಇದೇ ಗಾಡಿಯಲ್ಲಿ. ಗಾಡಿಯ ರೂಪ ಬದಲಾಗಿತ್ತು, ಆದರೆ ಡಬ್ಬದೊಳಗೆ ಕಲ್ಲು ಅಲ್ಲಾಡಿಸಿದ ಆ ಸದ್ದು ಅದೇ. ಮೂವತ್ತು ವರ್ಷ ಆ ಸದ್ದನ್ನೇ ಬೈದವನಿಗೆ, ಅದನ್ನು ದನಗಳೂ ಕೇಳುತ್ತವೆ ಅಂತ ಹೊಳೆದಿರಲಿಲ್ಲ ನೋಡಿ! ಅವನು ಜೋರಾಗಿ ಓಡಿಸಿದಷ್ಟೂ ಸದ್ದು ಹೆಚ್ಚಾಯಿತು. ಹಳೆ ತಂತಿ ಎಷ್ಟು ತಡೆದೀತು? ಬೇಲಿ ಮುರಿದು ಮಂದೆ ರಸ್ತೆಗೆ ಬಂತು.

ಮೊದಲ ಹಾಡು ಮುಗಿಯುವಷ್ಟರಲ್ಲಿ ಚರ್ಚಿನ ಅಂಗಳದಲ್ಲಿ ಪಿಕಪ್ಪಿನ ಸುತ್ತ ಹಸುಗಳು ಅಂಬಾ ಅನ್ನುತ್ತಿದ್ದವು. ಜನ ಹೊರಗೆ ಬಂದರು.

"ಎಲ್ಡನ್, ನಿನ್ನ ಕಡೆಯೋರು ಬಂದಿದ್ದಾರೆ," ಅಂದ ಗಾರ್ಲಂಡ್. "ಪಾಪ, ಒಳಗೆ ಕರಿ. ಮುಂದಿನ ಸಾಲು ಖಾಲಿ ಇದೆ."

ವರ್ಡಾಳೂ ಯಾರದೋ ತೋಳು ಹಿಡಿದು ಹೊರಬಂದಳು. ವಿಷಯ ಕೇಳಿ ಮೊದಲು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಮುಂದೆ ಹೋಗಿ, "ಬಾ ಬಾಸ್, ಬಾ, ಬಾ," ಅಂತ ಆ ಸೀಮೆಯವರು ದನ ಕರೆಯುವ ಕೂಗಿನಲ್ಲಿ, ತಾನು ಯಾವಾಗಲೂ ಕರೆಯುವ ಹಾಗೆ ಕರೆದಳು. ಒಂದೆರಡು ಹಸು ಅವಳ ಕಡೆ ನೋಡಿದವು. ನೋಡಿ, ಮತ್ತೆ ಪಿಕಪ್ಪಿನ ಬಂಪರ್ ನೆಕ್ಕತೊಡಗಿದವು.

ಅವಳ ನಗು ನಿಂತುಹೋಯಿತು.

"ಹಿಮದಲ್ಲಿ, ಗಾಳೀಲಿ, ಜ್ವರ ಬಂದಾಗ್ಲೂ ಹಿಂಡಿ ಹಾಕಿದ್ದು ನಾನು ಕಣೋ. ಈ ಮುಂಡೇವಕ್ಕೆ ಪ್ರೀತಿ ನನ್ನ ಮೇಲಲ್ಲ. ಈ ಡಬ್ಬದ ಮೇಲೆ."

ಅವಳಿಗೆ ನಿಜವಾಗಿ ನೋವಾಗಿತ್ತು. ಎಲ್ಡನ್ ಗಾಡಿಯನ್ನು ನಿಧಾನಕ್ಕೆ ತಿರುಗಿಸಿ, ಹಿಂದೆ ಬಂದ ಮಂದೆಯನ್ನು ಹುಲ್ಲುಗಾವಲಿಗೆ ಸೇರಿಸಿ ಬಂದ. ಆಮೇಲೆ ಇಡೀ ಬೇಸಿಗೆ ಅವನು ವರ್ಡಾಳ ಬೇಲಿ ತಪ್ಪಿಸಿ, ಗುಡ್ಡ ಬಳಸಿ ಸುತ್ತುದಾರಿಯಲ್ಲಿ ಓಡಾಡಿದ.

ಅಕ್ಟೋಬರಿನ ಆ ಗುರುವಾರ ಬಂತು. ಎಲ್ಡನ್ ಹೇಗೆ ಹಸು ತುಂಬುತ್ತಾನೆ ನೋಡೋಣ ಅಂತ ಊರಿನ ಅರ್ಧ ಜನ ಬೇಲಿಗೆ ಒರಗಿ ನಿಂತಿದ್ದರು. ಗಾರ್ಲಂಡ್ ನಾಯಿಗಳನ್ನು ಗಾಡಿಯಲ್ಲೇ ಕೂರಿಸಿಕೊಂಡು ಕಾಯುತ್ತಿದ್ದ, ಹೇಗೂ ಬೇಕಾಗುತ್ತೆ ಅಂತ. ಎಲ್ಡನ್‌ಗೆ ಯಾವ ಅಂಜಿಕೆಯೂ ಇರಲಿಲ್ಲ. ಚರ್ಚಿನಲ್ಲಿ ಆದ ಅವಮಾನವನ್ನೇ ಇವತ್ತು ಬಂಡವಾಳ ಮಾಡಿಕೊಳ್ಳುವವನಿದ್ದ. ಗಾಡಿ ಶುರುಮಾಡಿದರೆ ಮುಗಿಯಿತು, ಅವು ತಾವಾಗಿ ಬರುತ್ತವೆ.

ದೊಡ್ಡಿಯ ಬಾಗಿಲಲ್ಲಿ ವರ್ಡಾ ಹಿಂಡಿಯ ಚೀಲ ಹಿಡಿದು ನಿಂತಿದ್ದಳು.

"ಹಿಂಡಿ ಯಾಕೆ ವರ್ಡಾ? ಸದ್ದಿಗೇ ಬರ್ತವಲ್ಲ."

"ಬರ್ತವೆ. ಅದಕ್ಕೇ ಬೇಕು," ಅಂದಳು. "ನನ್ನ ಕೈಲಿ ಇದ್ದಷ್ಟು ವರ್ಷ ಆ ಸದ್ದು ಅವಕ್ಕೆ ಒಂದು ದಿನಾನೂ ಸುಳ್ಳು ಹೇಳಿಲ್ಲ. ಇವತ್ತು ನೀನು ಹೇಳಿಸಬೇಡ."

"ತೂಕಕ್ಕೆ ಮುಂಚೆ ತಿನ್ನಿಸಿ ಭಾರ ಹೆಚ್ಚಿಸಿದ್ರಿ ಅಂತ ಹರಾಜಲ್ಲಿ ಬೈತಾರೆ," ಅಂತ ಗಾರ್ಲಂಡ್ ಬೇಲಿಯಾಚೆಯಿಂದ ಕೂಗಿದ.

"ಬೈಲಿ ಬಿಡು. ನಾನು ಹಸು ಮಾರ್ತಿರೋದು, ಮಾನ ಅಲ್ಲ."

ಎಲ್ಡನ್ ಗಾಡಿ ಶುರುಮಾಡಿದ. ಹಸುಗಳು ಗುಡ್ಡ ಇಳಿದು ಓಡಿ ಬಂದವು. ಅವನು ದೊಡ್ಡಿಯಿಂದ ಟ್ರೇಲರಿನ ಒಳಗಿನವರೆಗೂ ಹಿಂಡಿಯ ತುಂಡುಗಳನ್ನು ಸುರಿದ. ತಿನ್ನುತ್ತಾ ತಿನ್ನುತ್ತಾ ಅವು ಒಳಗೆ ನಡೆದವು. ಒಂದು ಕೂಗಿಲ್ಲ, ಒಂದು ಏಟಿಲ್ಲ. ಬೇಲಿಗೆ ಒರಗಿದವರು ಟೋಪಿ ತೆಗೆದರು. ಗಾರ್ಲಂಡನ ನಾಯಿಗಳು ಆಕಳಿಸಿದವು.

ಮೂರು ಸಲ ತುಂಬಿಕೊಂಡು ಹೋದ, ಮೂರು ಸಲವೂ ದಿಣ್ಣೆಯನ್ನು ಒಂದೇ ಉಸಿರಿಗೆ ಹತ್ತಿದ. ಇದೇ ಏರಿಗಾಗಿ ತಾನೇ ಮೂವತ್ತು ವರ್ಷದ ಮಾತು ನುಂಗಿದ್ದು? ಕುಣಿದಾಡಬೇಕಿತ್ತು. ಆದರೆ ಹಿಂದೆ ಟ್ರೇಲರಿನಲ್ಲಿ ಅವು ನೆಮ್ಮದಿಯಿಂದ ನಿಂತಿದ್ದವು. ಒಂದೂ ಕೂಗಲಿಲ್ಲ. ಎಲ್ಡನ್‌ಗೆ ಹಾಳಾದವು ಒಂದು ಸಲ ಒದ್ದಿದ್ದರೂ ಚೆನ್ನಾಗಿತ್ತು ಅನ್ನಿಸಿತು.

ಹರಾಜಿನಲ್ಲಿ ಬೆನ್ನು ತಟ್ಟಿದ್ದೇ ತಟ್ಟಿದ್ದು. "ಏನು ಕೈಗುಣ ಮಾರಾಯ! ನಾಯಿ ಇಲ್ಲದೆ!"

"ನನ್ನದೇನಿಲ್ಲ. ಎಲ್ಲ ಆ ಇಂಜಿನ್ ಸದ್ದು," ಅಂದ ಎಲ್ಡನ್.

"ನೋಡ್ರೋ, ಎಷ್ಟು ವಿನಯ!" ಅಂದರು. ಜಂಬ ಕೊಚ್ಚಿದಾಗ ಒಂದು ದಿನವೂ ನಂಬದ ಜನ, ನಿಜ ಹೇಳಿದ ದಿನವೂ ನಂಬಲಿಲ್ಲ.

ಮೊದಲ ಹಿಮ ಬಿದ್ದ ಮೇಲೆ ಒಂದು ಮಧ್ಯಾಹ್ನ ಅವನು ವರ್ಡಾಳ ಬೇಲಿಗುಂಟ ಬಂದ. ಇನ್ನು ಸುತ್ತುದಾರಿ ಯಾಕೆ, ಓಡಿ ಬರಲು ಯಾರಿದ್ದಾರೆ? ಬಯಲು ಖಾಲಿ, ಬೆಳ್ಳಗೆ. ಆದರೂ ಕಾಲು ತಾನಾಗಿ ಬ್ರೇಕ್ ಮೇಲೆ ಹೋಯಿತು. ಬೇಲಿಯ ಮೂಲೆಯಲ್ಲಿ ಏನೋ ಕಪ್ಪಗೆ ನಿಂತಿತ್ತು. ಒಂದು ಹಸು ಉಳಿದುಬಿಟ್ಟಿತೇ ಅಂತ ಕತ್ತು ಚಾಚಿ ನೋಡಿದ.

ಹಸು ಅಲ್ಲ. ವರ್ಡಾ. ಗಂಡನ ಹಳೆ ಕೋಟು ಹೊದ್ದು, ಬೇಲಿಯ ಕಂಬ ಹಿಡಿದು ಏದುಸಿರು ಬಿಡುತ್ತಿದ್ದಳು.

ಎಲ್ಡನ್ ಇಂಜಿನ್ ಆರಿಸಿ ಕಿಟಕಿ ಇಳಿಸಿದ.

"ಏನು ನೋಡ್ತೀಯ? ನಾನೇನು ಹಿಂಡಿಗೆ ಬಂದಿಲ್ಲ," ಅಂದಳು. "ಅಡುಗೆಮನೇಲಿದ್ದೆ. ಸದ್ದು ಕೇಳಿಸ್ತು. ಕೋಟು ಯಾವಾಗ ಹಾಕ್ಕೊಂಡ್ನೋ, ಯಾವಾಗ ಓಡಿ ಬಂದ್ನೋ ಗೊತ್ತಿಲ್ಲ. ಸುಮ್ಮನೆ ಬೈದೆ ಕಣೋ ಆ ಹಸುಗಳನ್ನ."

ಎಲ್ಡನ್ ಸೀಟಿನ ಮೇಲೆ, ಸೀಟಿನ ಕೆಳಗೆ ತಡಕಾಡಿದ. ಹಗ್ಗ, ಕೈಗವಸು, ಹಳೇ ಕಾಫಿ ಲೋಟ. ಕೊಡಲು ಏನೂ ಇರಲಿಲ್ಲ. ಸುಳ್ಳು ಹೇಳದ ಸದ್ದು ತನ್ನ ಕೈಗೆ ಬಂದ ಮೇಲೆ ಸುಳ್ಳು ಹೇಳಿತಲ್ಲ ಅಂತ ನಾಚಿಕೆಯಾಯಿತು.

"ನೋರೀನ್ ದಾಲ್ಚಿನ್ನಿ ಬನ್ ಮಾಡ್ತಿದಾಳೆ," ಅಂದ. "ಹತ್ತಿ. ಬಿಸಿ ಇರೋವಾಗ್ಲೇ ಹೋಗೋಣ."

ವರ್ಡಾ ಗಾಡಿಯ ಮೂತಿ ಸವರುತ್ತಾ ಸುತ್ತಿ ಬಂದು, ತಾನು ಒಂದು ದಿನವೂ ಕೂತಿರದ ಆ ಪಕ್ಕದ ಸೀಟಿನಲ್ಲಿ ಕೂತಳು. ಎಲ್ಡನ್ ಅಭ್ಯಾಸಬಲದಿಂದ ಕೀಲಿ ತಿರುವಲು ಹೋದ. ಫಟ್ಟನೆ ಅವನ ಕೈಮೇಲೆ ಏಟು ಬಿತ್ತು.

"ಎಷ್ಟು ಸಲ ಹೇಳ್ಬೇಕು ನಿನಗೆ? ಮೊದಲು ದೀಪ ಆರಲಿ." ಅವಳು ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ಕಾಣದ ಆ ದೀಪದ ಕಡೆ ನೋಡಿದಳು. "ಆರಿತಾ?"

ಎಲ್ಡನ್ ಕಾದ.

"ಹ್ಞೂಂ, ಈಗ ಆರಿತು," ಅಂದು ಗಾಡಿ ಶುರುಮಾಡಿದ.