ಆಂಟೆನಾ ಸೊಣ್ಣಪ್ಪ ಮತ್ತು ಭಾಗೀರಥಮ್ಮನವರ ಅರವತ್ತಡಿ ವೈರು

ಗಡಿಯೂರು ಹೊಸೂರಿನ ಅವಲಪಲ್ಲಿಯ ಮಟ್ಟಿಗೆ ಸೂರ್ಯ ಎರಡನೆಯವನು. ಮೊದಲು ಮೇಲೇರುವವನು ಸೊಣ್ಣಪ್ಪ. ಈ ಭಾನುವಾರವೂ ಅಷ್ಟೇ. ಬೆಳಗಿನ ಆರು ಗಂಟೆಗೆ, ಹಾಲಿನವನೂ ಬಂದಿರದ ಹೊತ್ತಿನಲ್ಲಿ, ನಿವೃತ್ತ ಸುಬ್ಬರಾಮ ಮೇಷ್ಟರ ತಾರಸಿಯ ಮೇಲೆ ಇಪ್ಪತ್ತಡಿ ಕಬ್ಬಿಣದ ಪೈಪಿಗೆ ಒರಗಿಸಿದ ಏಣಿಯ ತುದಿಯಲ್ಲಿ ಅವನಿದ್ದಾನೆ. ಬಾಯಲ್ಲಿ ಇಕ್ಕಳ, ಸೊಂಟದಲ್ಲಿ ಹಗ್ಗ, ಹೆಗಲ ಮೇಲೆ ಟವೆಲು. ಅಲ್ಲಿಂದ ನೋಡಿದರೆ ಒಂದು ಕಡೆ ಚಂದ್ರಚೂಡೇಶ್ವರನ ಬೆಟ್ಟ, ಇನ್ನೊಂದು ಕಡೆ ಗಡಿಯಾಚೆಯ ಇಡೀ ಕರ್ನಾಟಕ. ಸ್ವಲ್ಪ ಕತ್ತು ಚಾಚಿದರೆ ಅರಬ್ಬೀ ಸಮುದ್ರವೂ ಕಂಡೀತು.

ಬೆಳಗ್ಗೆಯೇ ಕೆಲಸಕ್ಕಿಳಿಯಲು ಕಾರಣವಿದೆ. ದಿಕ್ಸೂಚಿ ಎಂಬ ವಸ್ತುವನ್ನು ಸೊಣ್ಣಪ್ಪ ಕಂಡವನಲ್ಲ. ಹುಟ್ಟುವ ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ, ಬಲಕ್ಕೆ ಅರ್ಧ ತಿರುಗುತ್ತಾನೆ, ಕಣ್ಣು ಮುಚ್ಚುತ್ತಾನೆ. ಮೂಗಿನ ನೇರಕ್ಕೆ ಬೆಂಗಳೂರು! ಆ ಮೂಗು ಒಂದು ಕೂದಲೆಳೆಯಷ್ಟು ತಪ್ಪಿದ್ದನ್ನು ಈವರೆಗೆ ಯಾರೂ ಕಂಡಿಲ್ಲ.

"ಮಾವಾ, ಹುಷಾರು! ಬಿದ್ದುಗಿದ್ದೀಯ!" ಎಂದು ಕೆಳಗಿನಿಂದ ಹೆಂಡತಿ ಶ್ಯಾಮಲಮ್ಮ ಕೂಗುತ್ತಾಳೆ. ಸೊಣ್ಣಪ್ಪ ಅವಳ ತಾಯಿಯ ತಮ್ಮ. ಹಾಗಾಗಿ ಮದುವೆಗೆ ಮುಂಚೆಯೂ ಮಾವ, ಆಮೇಲೂ ಮಾವ.

"ನಾನ್ ಬಿದ್ರೆ ನೆಲಕ್ಕೆ ನೋವಾಯ್ತದೆ, ಸುಮ್ಕಿರಮ್ಮಿ," ಎಂದು ಸೊಣ್ಣಪ್ಪ ಇಕ್ಕಳದ ಸಂದಿಯಿಂದಲೇ ಉತ್ತರಿಸುತ್ತಾನೆ.

ಬಾಯಲ್ಲಿ ತಮಾಷೆಯಿದ್ದರೂ ಇವತ್ತು ಅವನು ಒಂದೇ ತಿರುಪನ್ನು ಮೂರು ಸಲ ಬಿಗಿದು ನೋಡುತ್ತಿದ್ದಾನೆ. ಈ ಮನೆಗೆ ಇದು ನಾಲ್ಕನೇ ಸಲ. ಹದಿನೈದು ದಿನದ ಹಿಂದೆ ಆಂಟೆನಾ ಏರಿಸಿದಾಗ ಟಿವಿಯಲ್ಲಿ ಚಿತ್ರ ಕನ್ನಡಿಯಂತೆ ಬಂದಿತ್ತು. ಮರುದಿನ ನೋಡಿದರೆ ವಾರ್ತೆ ಓದುವವರಿಗೆ ಎರಡು ಮೂಗು, ಮೂರು ಕಿವಿ. ಒಬ್ಬರ ಹಿಂದೆ ಅವರದೇ ದೆವ್ವ ನಿಂತಂತೆ ಎಲ್ಲರಿಗೂ ಒಂದೊಂದು ನೆರಳು. ಕಳೆದ ಭಾನುವಾರ ಬೆಳಗಿನ ಧಾರಾವಾಹಿಯಲ್ಲಿ ಒಬ್ಬ ರಾಜನ ಆಸ್ಥಾನಕ್ಕೆ ಇಬ್ಬರು ರಾಜರು ಬಂದು ಒಂದೇ ಸಿಂಹಾಸನದ ಮೇಲೆ ಕೂತರು. ಮನೆಯೊಡತಿ ಭಾಗೀರಥಮ್ಮನವರು ಅಂದೇ ಬೀದಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟರು.

"ನೋಡು ಸೊಣ್ಣಪ್ಪ, ಮುಂದಿನ ಭಾನುವಾರ ಒಂಬತ್ತೂವರೆಗೆ ನನಗೆ ಒಂದು ಮುಖಕ್ಕೆ ಒಂದೇ ಮೂಗು ಬರಬೇಕು. ಇಲ್ಲದಿದ್ದರೆ ಕಂಬ ಕಿತ್ತುಕೊಂಡು ಹೋಗು, ಕಂಬಕ್ಕೂ ವೈರಿಗೂ ಕೊಟ್ಟ ದುಡ್ಡು ನನಗಿಡು. ಈಗ ಗ್ರಾಹಕರಿಗೇ ಅಂತ ಕಾನೂನು ಬಂದಿದೆಯಂತೆ, ಇವರು ಪೇಪರಲ್ಲಿ ಓದಿದ್ದಾರೆ. ರೇಡಿಯೋಗೆ ಹದಿನೈದು ವರ್ಷ ಪೋಸ್ಟಾಫೀಸಿನಲ್ಲಿ ಲೈಸೆನ್ಸು ಕಟ್ಟಿದವಳು ನಾನು. ಒಂದು ದಿನ ತಡ ಮಾಡಿಲ್ಲ. ನನಗೆ ಬರಬೇಕಾದ್ದನ್ನ ಒಂದಿಂಚೂ ಬಿಡೋದಿಲ್ಲ."

ಆ ಒಂದು ಮೂಗಿನ ಮೇಲೆ ಹನ್ನೊಂದು ಮನೆಗಳು ನಿಂತಿವೆ. ಈ ಬೀದಿಯಲ್ಲಿ ಹನ್ನೊಂದು ಮನೆಯವರು ಟಿವಿ ಕೊಂಡು, ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿ, ಕುಂಕುಮವಿಟ್ಟು ಕಾಯುತ್ತಿದ್ದಾರೆ. ಭಾಗೀರಥಮ್ಮನವರ ಚಿತ್ರ ನೆಟ್ಟಗಾದರೆ ಸೊಣ್ಣಪ್ಪನಿಗೇ ಕೆಲಸ. ಆಗದಿದ್ದರೆ ಬೆಂಗಳೂರಿನಿಂದ ಪ್ಯಾಂಟು ತೊಟ್ಟ ಮೆಕ್ಯಾನಿಕ್ಕು ಬರುತ್ತಾನೆ. ಒಂದು ಬೀದಿ ಕೈಬಿಟ್ಟರೆ ಹೊಸೂರೇ ಕೈಬಿಟ್ಟಂತೆ. ಆಮೇಲೆ ಸೊಣ್ಣಪ್ಪನಿಗೆ ಹೋಗಲು ಬೇರೆ ಜಾಗವಿಲ್ಲ.

ಹಿಂದೆ ಇದ್ದ ಜಾಗ ಬೇರಿಕೆ ಊರಿನ ಹುಣಸೆ ತೋಪು. ಹನ್ನೆರಡನೇ ವಯಸ್ಸಿನಿಂದ ಸೊಣ್ಣಪ್ಪ ಮರ ಹತ್ತಿ ಹುಣಸೆಕಾಯಿ ಬಡಿಯುತ್ತಿದ್ದ. ಅವನು ಒಂದು ಸಲ ಕೋಲು ಬೀಸಿದರೆ ಈ ಮರದ ಕಾಯಿ ಜೊತೆಗೆ ಪಕ್ಕದ ಮರದ್ದೂ ಹೆದರಿ ಉದುರುತ್ತಿತ್ತಂತೆ. ಐದು ವರ್ಷದ ಹಿಂದೆ, ಎಂಬತ್ತೆರಡರ ಮಾಘದಲ್ಲಿ, ಕೊಂಬೆ ಮುರಿದು ಬಿದ್ದ. ಬಲ ಹೆಗಲು ಜಾರಿತು. ಕೈ ತಲೆಯ ಮೇಲಕ್ಕೆ ಏಳುತ್ತದೆ, ಆದರೆ ಕೋಲು ಬೀಸಲಾರದು. ಕೋಲು ಬೀಸಲಾರದವನಿಗೆ ತೋಪಿನಲ್ಲಿ ಕೂಲಿಯಿಲ್ಲ.

ಹೊಸೂರಿಗೆ ಬಂದು ತಿಮ್ಮಣ್ಣನವರ ರೇಡಿಯೋ ಅಂಗಡಿಯಲ್ಲಿ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿಕೊಂಡ. ಊರಿಗೆ ಮೊದಮೊದಲ ಟಿವಿಗಳು ಬರುತ್ತಿದ್ದ ಕಾಲ. ಒಬ್ಬರ ಹೆಂಚಿನ ಮನೆಯ ಮೇಲೆ ಕಂಬ ನಿಲ್ಲಿಸಬೇಕು, ಹತ್ತುವ ಎದೆ ಯಾರಿಗೂ ಇಲ್ಲ. ತಿಮ್ಮಣ್ಣನವರು ತಿರುಗಿ ನೋಡುವಷ್ಟರಲ್ಲಿ ಸೊಣ್ಣಪ್ಪ ಸೂರಿನ ಮೇಲೆ ಕೂತು ಬೀಡಿ ಹಚ್ಚಿದ್ದ. "ಕೊಂಬೆ ಯಾವಾಗ ಮುರೀತದೋ ಹೇಳಾಕಾಗಲ್ಲ. ಕಬ್ಬಿಣದ ಕಂಬ ಮೋಸ ಮಾಡಲ್ಲ ಕಣಣ್ಣ," ಎಂದ. ಶ್ಯಾಮಲಮ್ಮ ತನ್ನ ಎರಡು ಕುರಿ ಮಾರಿ ಏಣಿ ಕೊಡಿಸಿದಳು. ಅಂದಿನಿಂದ ಅದೇ ಅವರ ಹೊಲ, ಅದೇ ತೋಟ.

ಕೆಲಸ ಇಬ್ಬರದು. ಅವನು ಕೈ, ಅವಳು ಕಣ್ಣು. ಅವನು ಮೇಲೆ ಕಂಬ ತಿರುಗಿಸಿದರೆ ಅವಳು ಕಿಟಕಿಯ ಆಚೆ ನಿಂತು, ಒಳಗಿನ ಟಿವಿ ನೋಡಿ ಕೂಗಬೇಕು. ಆ ಗಂಟಲು ಒಂದು ಅದ್ಭುತ. ಅವಳು ಬಾಗಲೂರಿನಲ್ಲಿ ಕೂಗಿದರೆ ಗಡಿಯಾಚೆಯ ಸರ್ಜಾಪುರದಲ್ಲಿ ಯಾರೋ ತಮ್ಮ ಆಂಟೆನಾ ತಿರುಗಿಸುತ್ತಾರೆ! ಮನೆಯವರಿಗೆ ತಕ್ಕಂತೆ ಭಾಷೆಯೂ ಬದಲಾಗುತ್ತದೆ. ಕನ್ನಡದವರ ಮನೆಯಲ್ಲಿ "ಬಂತು", ತಮಿಳರ ಮನೆಯಲ್ಲಿ "ವಂದುರ್ಚ್ಚು", ತೆಲುಗರ ಮನೆಯಲ್ಲಿ "ವಚ್ಚಿಂದಿ". ಮೂರೂ ಭಾಷೆಯವರಿರುವ ವಠಾರದಲ್ಲಿ ಒಂದೇ ಉಸಿರಿಗೆ ಮೂರನ್ನೂ ಕೂಗುತ್ತಾಳೆ.

ತಿರುಗಿಸಲು, ಬಿಗಿಯಲು ಎಂದು ದಿನಕ್ಕೆ ಮೂರು ಮನೆ, ಭಾನುವಾರ ಆರು. ಸೈಕಲ್ಲಿನಲ್ಲಿ ಏಣಿ ಕಟ್ಟಿಕೊಂಡು ಇಪ್ಪತ್ತು ಮೈಲಿ. ಹೊಸದಾಗಿ ನಿಲ್ಲಿಸಿದ್ದು ಐದು ವರ್ಷದಲ್ಲಿ ನೂರ ಇಪ್ಪತ್ತೇಳು ಕಂಬ. ಒಂದರ ಮೇಲೊಂದು ನಿಲ್ಲಿಸಿದ್ದರೆ ಸೊಣ್ಣಪ್ಪ ಇಷ್ಟು ಹೊತ್ತಿಗೆ ಚಂದ್ರನ ಹಿತ್ತಲಲ್ಲಿ ಇಳಿದಿರುತ್ತಿದ್ದ. ಕೂಲಿ ಹದಿನೈದು ರೂಪಾಯಿ, ಅದೂ ಚಿತ್ರ ಬಂದ ಮೇಲೆ. ಬರದಿದ್ದರೆ ಬಿಡಿಗಾಸೂ ಬೇಡ. ಇದು ಅವನೇ ಹಾಕಿಕೊಂಡ ನೇಮ.

ಆ ಹದಿನೈದು ರೂಪಾಯಿ ಕೊಟ್ಟವರು ಸೊಣ್ಣಪ್ಪನನ್ನು ಜೀವಮಾನಕ್ಕೆ ಕೊಂಡೆವೆಂದೇ ತಿಳಿಯುತ್ತಾರೆ. ಕರೆಂಟು ಹೋದರೆ ಸೊಣ್ಣಪ್ಪ. ಹಿಂದಿ ವಾರ್ತೆ ಅರ್ಥವಾಗದಿದ್ದರೆ ಸೊಣ್ಣಪ್ಪ. "ಸ್ವಲ್ಪ ತಿರುಗ್ಸಿ ಕನ್ನಡಕ್ಕೆ ತಂದ್ಕೊಡ್ಲಾ," ಎಂದು ಬಾಗಲೂರಿನ ಯಜಮಾನರೊಬ್ಬರು ಗದರಿಸಿದರು. ಪಕ್ಕದ ಮನೆಯಲ್ಲಿ ಬಣ್ಣದ ಟಿವಿ ಬಂದ ದಿನ ಅವರದೇ ಇನ್ನೊಂದು ತಕರಾರು: "ಅವ್ರ ಕಂಬಕ್ಕೆ ಬಣ್ಣ ಇಳೀತದೆ, ನಮ್ಮ ಕಂಬಕ್ಕೆ ಯಾಕ್ಲಾ ಇಳಿಯಲ್ಲ? ದಾರೀಲಿ ನೀನೇ ಮಾರ್ಕಂಡ್ಯಾ?" ಭಾನುವಾರ ಸಂಜೆಯ ಸಿನಿಮಾದಲ್ಲಿ ನಾಯಕಿ ಸತ್ತಳೆಂದು ಬೇರಿಕೆಯ ಒಬ್ಬರು ಅರ್ಧ ಕೂಲಿ ವಾಪಸು ಕೇಳಿದ್ದೂ ಉಂಟು.

"ಗಾಳೀಲಿ ಬಿಟ್ಟಿ ಬರೋ ಚಿತ್ರಕ್ಕೆ ನಿಂಗ್ಯಾಕೆ ದುಡ್ಡು ಅಂತಾರೆ," ಎಂದು ನಗುತ್ತಾನೆ ಸೊಣ್ಣಪ್ಪ. "ಗಾಳೀಲಿ ಬರೋದು ಬಿಟ್ಟೀನೇ ಸ್ವಾಮಿ. ಗಾಳಿಯಿಂದ ನಿಮ್ಮನೆಗೆ ಇಳಿಸೋಕೆ ಹದಿನೈದು ರೂಪಾಯಿ."

ಭಾಗೀರಥಮ್ಮನವರ ಮನೆಯಲ್ಲಿ ಮಾತ್ರ ಇಳಿಸಿದ್ದು ಕೆಟ್ಟು ಇಳಿಯುತ್ತಿದೆ. ಮೂರು ಸಲ ಬಂದು ಸೊಣ್ಣಪ್ಪ ಮಾಡದ ವಿದ್ಯೆಯಿಲ್ಲ. ಆಂಟೆನಾ ಬದಲಿಸಿದ, ಕಂಬ ಎತ್ತರಿಸಿದ, ಬೆಂಗಳೂರನ್ನೇ ಒಂದು ಗೇಣು ಈಚೆಗೆ ಎಳೆದು ನೋಡಿದ. ಎರಡು ಮೂಗು ಎರಡಾಗಿಯೇ ಉಳಿದವು.

ಇವತ್ತು ಒಂಬತ್ತು ಗಂಟೆಗೆ ಬೆಂಗಳೂರಿನಿಂದ ಚಿತ್ರ ಶುರುವಾಗುತ್ತದೆ. ಬೀದಿಯ ಹನ್ನೊಂದೂ ಮನೆಯವರು ಭಾಗೀರಥಮ್ಮನವರ ಜಗಲಿಯ ಮೇಲೆ ಜಮಾಯಿಸಿದ್ದಾರೆ. ಹಾಗೆಂದರೆ ನಲವತ್ತು ಜನ. ಸದ್ದು ಕೇಳಿದರೆ ನಾಲ್ಕು ಸಾವಿರ. ಕಿಟಕಿಯಲ್ಲಿ ಶ್ಯಾಮಲಮ್ಮ.

"ಬಂತಾ?" ಮೇಲಿನಿಂದ ಸೊಣ್ಣಪ್ಪ.

"ಬಂತು, ಆದ್ರೆ ಜೋಡಿಯಾಗ್ ಬಂತು!"

ಜಗಲಿಯಲ್ಲಿ ನಗೆ ಏಳುತ್ತದೆ. ಎದುರು ಮನೆಯ ಅಂಬುಜಮ್ಮನವರು ಕೇಳುತ್ತಾರೆ, "ಏನ್ರೀ ಭಾಗೀರಥಮ್ಮ, ಬೆಂಗಳೂರಿನವನ ವಿಳಾಸ ನಿಮ್ಮ ಹತ್ತಿರ ಇದೆಯಲ್ಲಾ?"

ಆ ಮಾತು ಕೇಳಿದ್ದೇ ಶ್ಯಾಮಲಮ್ಮ ಕಿಟಕಿ ಬಿಟ್ಟು ಬಾಗಿಲಿಗೆ ಬರುತ್ತಾಳೆ. ಟಿವಿ ಇರುವುದು ದೇವರ ಮನೆಗೆ ಅಂಟಿಕೊಂಡ ಕೋಣೆಯಲ್ಲಿ. ಸ್ನಾನ ಮಾಡದವರಿಗೆ ಅಲ್ಲಿ ಪ್ರವೇಶವಿಲ್ಲ. ಆಂಟೆನಾ ಏರಿಸಿದ ದಿನವೂ ವೈರಿನ ತುದಿಯನ್ನು ಕಿಟಕಿಯಿಂದ ಒಳಗೆ ಕೊಟ್ಟು, ಮೇಷ್ಟರ ಕೈಯಿಂದಲೇ ಟಿವಿಗೆ ಸಿಕ್ಕಿಸಿದ್ದರು.

"ನಾಕ್ ಗಂಟೆಗೆದ್ದು ತಲೆಗ್ ನೀರ್ ಹಾಕ್ಕಂಡೇ ಬಂದಿವ್ನಿ ಕಣಮ್ಮಾ," ಎಂದು ಶ್ಯಾಮಲಮ್ಮ ಇನ್ನೂ ಒದ್ದೆಯಿರುವ ಜಡೆಯನ್ನು ಮುಂದಕ್ಕೆ ಎಳೆದು ತೋರಿಸುತ್ತಾಳೆ. "ಮಡಿ ಸೀರೆ ಉಟ್ಟಿವ್ನಿ. ಈಗ್ಲಾದ್ರೂ ಒಳೀಕ್ ಬುಡಿ."

ಭಾಗೀರಥಮ್ಮನವರು ಜಡೆ ನೋಡುತ್ತಾರೆ, ಸೀರೆ ನೋಡುತ್ತಾರೆ. ಇಲ್ಲವೆನ್ನಲು ಏನೂ ಸಿಗುವುದಿಲ್ಲ. "ಬಾ, ಯಾವುದನ್ನೂ ಮುಟ್ಟಬೇಡ," ಎಂದು ದಾರಿ ಬಿಡುತ್ತಾರೆ.

ಕೋಣೆಯೊಳಗೆ ಕಬ್ಬಿಣದ ದೊಡ್ಡ ಟ್ರಂಕು, ಅದಕ್ಕೆ ನೆಲದವರೆಗೂ ಇಳಿಬಿದ್ದ ಹಾಸು, ಅದರ ಮೇಲೆ ಟಿವಿ. ಶ್ಯಾಮಲಮ್ಮ ಬಗ್ಗಿ ಹಾಸಿನ ಅಂಚನ್ನು ಒಂದು ಬೆರಳಲ್ಲಿ ಎತ್ತುತ್ತಾಳೆ. ಮರುಕ್ಷಣ ಅವಳ ಗಂಟಲು ಹೊಸೂರನ್ನು ನಡುಗಿಸುತ್ತದೆ.

"ಮಾವಾ! ಇಲ್ಲಿ ಹಾವ್ ಸುತ್ಕಂಡ್ ಮಲಗೈತೆ!"

ನಲವತ್ತು ಜನ ಒಂದೇ ನೆಗೆತಕ್ಕೆ ಬೀದಿಯಲ್ಲಿದ್ದಾರೆ. ಸೊಣ್ಣಪ್ಪ ಏಣಿಯ ಮೆಟ್ಟಿಲು ಮುಟ್ಟದೆಯೇ ಇಳಿದು ಕೋಣೆಯ ಬಾಗಿಲಿಗೆ ಬಂದಿದ್ದಾನೆ. ಹಾವಲ್ಲ, ವೈರು! ಚಪ್ಪಟೆ ಆಂಟೆನಾ ವೈರು, ಇಪ್ಪತ್ತೆರಡು ಅಡಿ. ಚಕ್ಕುಲಿಯ ಹಾಗೆ ಅಂದವಾಗಿ ಸುತ್ತಿ, ಟ್ರಂಕಿಗೆ ಒತ್ತಿ ಇಡಲಾಗಿದೆ. ಒಂದು ತುದಿ ಕಿಟಕಿಯಿಂದ ಬಂದ ವೈರಿಗೆ ಗಂಟು, ಇನ್ನೊಂದು ತುದಿ ಟಿವಿಗೆ.

ಸೊಣ್ಣಪ್ಪನಿಗೆ ಎಲ್ಲ ಅರ್ಥವಾಗುತ್ತದೆ. ತಪ್ಪಿನ ಬೇರು ಅವನದೇ. ಅಳತೆ ಹಿಡಿಯದೆ ಅಂದಾಜಿನ ಮೇಲೆ ಅರವತ್ತಡಿ ವೈರು ತರಿಸಿದ್ದ, ಹಿಡಿದದ್ದು ಮೂವತ್ತೆಂಟು. ಉಳಿದದ್ದನ್ನು ಅಂಗಡಿಗೆ ಹಿಂದಿರುಗಿಸಿ ದುಡ್ಡು ತಂದುಕೊಡುತ್ತೇನೆಂದರೆ ಭಾಗೀರಥಮ್ಮನವರು ಒಪ್ಪಿರಲಿಲ್ಲ. ಅವನು ಹೋದ ಮೇಲೆ ಮೇಷ್ಟರು ಅದನ್ನೂ ಜೋಡಿಸಿದ್ದಾರೆ. ಚಿತ್ರ ಕಿಟಕಿಯವರೆಗೆ ನೆಟ್ಟಗೆ ಬಂದು, ಆ ಸುರುಳಿಯಲ್ಲಿ ಇಪ್ಪತ್ತು ಪ್ರದಕ್ಷಿಣೆ ಹಾಕಿ, ತಲೆ ತಿರುಗಿ ಎರಡಾಗಿ ಟಿವಿಗೆ ಬೀಳುತ್ತಿದೆ.

"ಅರವತ್ತಡಿಗೆ ದುಡ್ಡು ಕೊಟ್ಟಿದ್ದೀನಿ," ಎಂದು ಭಾಗೀರಥಮ್ಮನವರು ಸೆಟೆದು ನಿಲ್ಲುತ್ತಾರೆ. "ಮೂವತ್ತೆಂಟಡಿಯಲ್ಲಿ ಬರೋ ಚಿತ್ರ ನೋಡಿಕೊಂಡು ಯಾಕೆ ಸುಮ್ಮನಿರಲಿ? ಉಳಿದ ವೈರಲ್ಲಿ ಬರೋದೂ ನನಗೇ ಸೇರಬೇಕು."

"ನಾನು ಹೇಳಿದೆ, ಬೇಡ ಅಂತ," ಎನ್ನುತ್ತಾರೆ ಸುಬ್ಬರಾಮ ಮೇಷ್ಟರು, ಗೋಡೆಗೆ ಮಾತ್ರ ಕೇಳುವಂತೆ.

ಗಡಿಯಾರ ಒಂಬತ್ತೂ ಇಪ್ಪತ್ತು. ನಲವತ್ತು ಜನರೆದುರು ಈ ತಾಯಿಗೆ ತಪ್ಪು ನಿಮ್ಮದೆಂದರೆ ವೈರು ಬಿಚ್ಚಲು ಬಿಡುವುದಿಲ್ಲ. ಸೊಣ್ಣಪ್ಪ ತಲೆ ಬಗ್ಗಿಸುತ್ತಾನೆ. "ತಪ್ಪು ನಂದೇ ಅಮ್ಮಾವ್ರೇ, ಅಳತೆ ಹಿಡೀದೆ ತಂದೆ..."

"ನೀ ಸುಮ್ಕಿರು ಮಾವ," ಎಂದು ಶ್ಯಾಮಲಮ್ಮ ಅವನನ್ನು ಪಕ್ಕಕ್ಕೆ ಸರಿಸುತ್ತಾಳೆ. "ಅಮ್ಮಾವ್ರೇ, ರವಿಕೆಗೆ ಅಂತ ಒಂದ್ ಮೀಟ್ರು ಬಟ್ಟೆ ತಗಂತೀರಾ. ದರ್ಜಿ ಹೊಲಿದು ಮಿಕ್ಕಿದ್ ತುಂಡು ಯಾರ್ದು?"

"ನಂದೇ. ಕೇಳಿ ಇಸ್ಕೊಂಡು ಬರ್ತೀನಿ."

"ಇಸ್ಕಬೇಕು, ಬುಡಬಾರ್ದು. ಹಂಗಂತ ದುಡ್ಡು ಕೊಟ್ಟಿವ್ನಿ ಅಂತ ಆ ತುಂಡ್ನೂ ತೋಳಿಗೆ ನೇತಾಕ್ಕಂಡು ಮದುವೆಗೋಯ್ತೀರಾ?"

ಮೊದಲು ನಕ್ಕವರು ಮೇಷ್ಟರು. ಆಮೇಲೆ ಅಂಬುಜಮ್ಮನವರು. ಕೊನೆಗೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಭಾಗೀರಥಮ್ಮನವರು.

"ಕತ್ತರಿಸು," ಎನ್ನುತ್ತಾರೆ. "ಆದರೆ ತುಂಡು ನನಗೆ ಕೊಟ್ಟು ಹೋಗು."

ಇಕ್ಕಳ ಎರಡು ಸಲ ಕಚ್ಚುತ್ತದೆ. ಇವತ್ತು ಟಿವಿಯ ಹಿಂದಿನ ತಿರುಪು ಬಿಗಿಯುವುದು ಶ್ಯಾಮಲಮ್ಮನ ಬೆರಳು. ಸೊಣ್ಣಪ್ಪ ಮೇಲಕ್ಕೆ ಓಡುತ್ತಾನೆ, ಕಂಬಕ್ಕೆ ಒಂದೇ ಒಂದು ಸಾಸಿವೆಕಾಳಿನಷ್ಟು ತಿರುವು ಕೊಡುತ್ತಾನೆ. ಕೆಳಗಿನಿಂದ ಶ್ಯಾಮಲಮ್ಮನಿಗಿಂತ ಮೊದಲೇ ನಲವತ್ತು ಗಂಟಲು ಕೂಗುತ್ತವೆ, ಅವರವರ ಭಾಷೆಯಲ್ಲಿ. ಆ ಕೂಗಿಗೆ ಬೆಟ್ಟದ ಮೇಲಿನ ದೇವರೂ ಒಮ್ಮೆ ಇತ್ತ ತಿರುಗಿ ನೋಡಿರಬೇಕು. ಒಂದು ಮುಖ, ಒಂದು ಮೂಗು. ರಾಜನ ಕಿರೀಟದ ಮುತ್ತುಗಳನ್ನು ಎಣಿಸಬಹುದು. ಅಂಬುಜಮ್ಮನವರು ಎಣಿಸಿಯೂ ಬಿಡುತ್ತಾರೆ.

ಒಂಬತ್ತೂಮುಕ್ಕಾಲಿಗೆ ಬೀದಿ ಖಾಲಿ. ಹನ್ನೊಂದೂ ಮನೆಯವರು ಸೊಣ್ಣಪ್ಪನಿಗೆ ತಮ್ಮ ತಮ್ಮ ಕಂಬದ ಕೆಲಸಕ್ಕೆ ದಿನ ಗೊತ್ತು ಮಾಡಿ, ಭಾಗೀರಥಮ್ಮನವರ ಟಿವಿಯ ಮುಂದೆ ಒತ್ತಾಗಿ ಕೂತಿದ್ದಾರೆ. ಅಂಬುಜಮ್ಮನವರದು ನಾಳೆಯೇ. ಪ್ರತಿ ಮನೆಯಲ್ಲೂ ಮೊದಲು ಹಗ್ಗ ಹಿಡಿದು ಅಳೆದೇ ವೈರು ತರುವುದೆಂದು ಭಾಗೀರಥಮ್ಮನವರೇ ಎಲ್ಲರ ಪರವಾಗಿ ಕರಾರು ಹಾಕಿದ್ದಾರೆ. ಹದಿನೈದು ರೂಪಾಯಿಯ ಜೊತೆಗೆ ಎರಡು ಲೋಟ ಕಾಫಿ ತಾರಸಿಗೆ ಬಂದಿದೆ. ಗಂಡಹೆಂಡತಿ ನೀರಿನ ತೊಟ್ಟಿಯ ನೆರಳಲ್ಲಿ ಕೂತು ಕುಡಿಯುತ್ತಿದ್ದಾರೆ. ಅವರ ಸ್ವಂತ ಮನೆಯಲ್ಲಿ ಕರೆಂಟೂ ಇಲ್ಲ, ಟಿವಿಯೂ ಇಲ್ಲ. ಕೆಳಗೆ ಹೋಗಿ ನೋಡಬಾರದೇ ಎಂದರೆ ಸೊಣ್ಣಪ್ಪ ತಲೆಯಾಡಿಸುತ್ತಾನೆ.

"ಚಿತ್ರ ಕೆಟ್ರೆ ಊರೆಲ್ಲಾ ಸೊಣ್ಣಪ್ಪಾ ಸೊಣ್ಣಪ್ಪಾ ಅಂತದೆ. ಚೆಂದಾಗ್ ಬಂದ್ರೆ ಒಬ್ರಿಗೂ ನನ್ ಹೆಸರು ಗೆಪ್ತಿ ಇರಲ್ಲ," ಎನ್ನುತ್ತಾ ಅವನು ಕಿವಿಯನ್ನು ಬೀದಿಯ ಕಡೆ ಕೊಡುತ್ತಾನೆ. "ಕೇಳ್ನೋಡಿ. ಕಾಲು ಗಂಟೆ ಆಯ್ತು, ಒಬ್ರೂ ಕೂಗಿಲ್ಲ."